ಮೊರದಲ್ಲಿ ಹರವಿದ ತೋಟ

ಕಂಪ್ಲಿ,
ಆದಿತ್ಯವಾರ, 17 ಅಕ್ಟೋಬರ್ 1937

ಪೂಜ್ಯ ಅತ್ತೆ ಕೊಟ್ರಬಸಮ್ಮನವರಿಗೆ ನಿಮ್ಮ ಸೊಸೆಯ ಶರಣು ಶರಣಾರ್ಥಿ.

ಎಳೆಯ ಮಕ್ಕಳ ಕೈಯಿಂದ ಹುಳ ಕೊಲ್ಲಿಸಿ, ಅವನ್ನು ಸೇರಿನಲ್ಲಿ ಅಳೆದು ಕಾಸು ಕೊಡುವುದು ಅನ್ಯಾಯ. ಜೂನ್ ತಿಂಗಳಲ್ಲಿ ನೀಲಗಿರಿಯ ಆ ಚಹಾ ತೋಟದಲ್ಲಿ, ನಿಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು. ತವರಿಗೆ ಬಂದು ನಾಲ್ಕು ತಿಂಗಳಾದರೂ ಅದರಲ್ಲಿ ಒಂದಕ್ಷರವನ್ನೂ ನಾನು ತಿದ್ದಿಕೊಂಡಿಲ್ಲ. ಆ ಸೇರು ಹಿಡಿದು ಅಳೆಯುತ್ತಿದ್ದವರು ತೋಟದ ಲೆಕ್ಕ ಬರೆಯುವ ರೈಟರು, ನಿಮ್ಮ ಮಗ, ಎಂಬುದೂ ಸುಳ್ಳಲ್ಲ. ಆದರೆ ಈ ಕಾಗದ ಜಗಳಕ್ಕಲ್ಲ. ನಿಮ್ಮ ಉಪಕಾರ ನೆನೆಯದೆ ನನಗೆ ಅನ್ನ ಇಳಿಯುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆ ಓದು ಬರುವುದಿಲ್ಲ. ಆದ್ದರಿಂದ ಇದನ್ನು ಓದಿ ಹೇಳುತ್ತಿರುವವರು ನಿಮ್ಮ ಮಗನೇ ಎಂದು ನನಗೆ ಗೊತ್ತು. ನಡುವೆ ಅವರು ದನಿ ಸಣ್ಣದು ಮಾಡಿದರೆ ಆ ಸಾಲನ್ನು ಇನ್ನೊಮ್ಮೆ ಓದಿಸಿ, ಅತ್ತೆ. ಹಾರಿಸಿಬಿಟ್ಟಾರು.

ನಿಮ್ಮ ಕಾಗದ ಬನ್ನಿ ಹಬ್ಬದ ದಿನ ಬಂತು. ಅಪ್ಪನ ಬಂಡಿ ಹೊಡೆಯುವ ಎರ್ರಿಯಪ್ಪ ಅಂಚೆಯಿಂದ ತಂದುಕೊಟ್ಟ. ಮೊದಲ ಸಾಲು ಓದಿದ್ದೇ ನಕ್ಕುಬಿಟ್ಟೆ. ‘ಬರೀಲೇ, ನಿನಗ ಬೈದಿದ್ದೂ ಬರಿ. ನನ್ನ ಮಗ ದಡ್ಡ ಅದಾನ ಅಂತ ಮೊದ್ಲು ಬರಿ.’ ನೀವು ಹೇಳಿದಿರಿ, ನಿಮ್ಮ ಮಗ ತಮ್ಮ ದುಂಡನೆಯ ಅಕ್ಷರದಲ್ಲಿ ಹಾಗೆಯೇ ಬರೆದಿದ್ದಾರೆ. ತನ್ನನ್ನು ಬೈದದ್ದನ್ನು ಒಂದು ಚುಕ್ಕೆ ಬಿಡದೆ ಬರೆಯುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದನ್ನೂ ಅವರು ನಿಮಗೆ ಓದಿ ಹೇಳಬೇಕು.

ಅತ್ತೆ, ಆ ಘಟ್ಟ ಹತ್ತಿದ ದಿನಗಳು ನಿಮಗೆ ನೆನಪಿದೆಯೇ? ನೀವು ಹೊಸಪೇಟೆಯ ಬಿಸಿಲಿನವರು, ನಾನು ಕಂಪ್ಲಿಯ ಗದ್ದೆಬಯಲಿನವಳು. ಮಂಜು ಕವಿದರೆ ನೀವು ಒಲೆ ಬಿಟ್ಟು ಏಳುತ್ತಿರಲಿಲ್ಲ. ‘ದರೋಜಿ ಕರಡಿ ಆದ್ರೂ ಹಗಲಿಗೆ ಕಾಣ್ತಾವು, ಈ ಮಂಜಿನಾಗ ಏನ್ ಬಂದ್ರೂ ಕಾಣಂಗಿಲ್ಲ’ ಎಂದು ಕಂಬಳಿ ಹೊದ್ದು ಕೂಡುತ್ತಿದ್ದಿರಿ. ನನಗೂ ಮೊದಲಿಗೆ ಆ ತೋಟ ಬರಿಯ ಹಸಿರಾಗಿ ಕಂಡಿತ್ತು, ಗುಡ್ಡಕ್ಕೆ ಹಸಿರು ಜಮಖಾನ ಹಾಸಿದ ಹಾಗೆ. ನಮ್ಮ ಕಡೆ ಜೋಳದ ಹೊಲವೆಂದರೆ ನಡುವೆ ತೊಗರಿಯ ಅಕ್ಕಡಿ, ಅಂಚಿಗೆ ಪುಂಡಿ, ಬದುವಿನ ಮೇಲೆ ಲಕ್ಕಿ, ಜಾಲಿ. ಅಲ್ಲಿ ಎತ್ತ ನೋಡಿದರೂ ಒಂದೇ ಗಿಡ. ಇದರಲ್ಲಿ ಜೀವ ಎಲ್ಲಿ ಇರುತ್ತದೆ ಎಂದುಕೊಂಡಿದ್ದೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಉಳಿದದ್ದೆಲ್ಲ ಕರಪತ್ರಗಳಿಂದ ಕಲಿತದ್ದು. ಎರ್ರಿಯಪ್ಪ ಅಕ್ಕಿಬಂಡಿ ಹೊಡೆದುಕೊಂಡು ಹೊಸಪೇಟೆಗೆ ಹೋದಾಗಲೆಲ್ಲ ಓದುವ ಮನೆಯಿಂದ ಒಂದು ಕಟ್ಟು ತರುತ್ತಿದ್ದ. ನೂಲಿನ ಮೇಲೆ, ಕೂಲಿಯ ಮೇಲೆ, ಹೆಣ್ಣುಮಕ್ಕಳ ಓದಿನ ಮೇಲೆ, ಬೆಳೆಗೆ ಬೀಳುವ ಹುಳದ ಮೇಲೆ ಬರೆದವು. ಆ ಹುಳದ ಕರಪತ್ರವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದಾಗ ನೀವು, ‘ಗಂಡನ ಮನಿಗೆ ಬರೋ ಹುಡುಗಿ ಸೀರಿ ತರ್ತಾಳ, ನೀ ಹುಳದ ಪುರಾಣ ತಂದೀಯಲ್ಲವ್ವಾ’ ಎಂದಿರಿ. ನಾನು ಮುಖ ಊದಿಸಿಕೊಂಡೆ. ಈಗ ಆ ಮಾತು ನೆನೆದರೆ ನಗು ಬರುತ್ತದೆ.

ಆ ಪುರಾಣ ಕೈಯಲ್ಲಿ ಹಿಡಿದು ಗಿಡಗಳ ಬುಡದಲ್ಲಿ ಕೂತ ಮೇಲೆ ತೋಟ ನನಗೆ ಬೇರೆಯಾಗಿ ಕಂಡಿತು. ಚಿಗುರು ಸುಟ್ಟಂತೆ ಕಪ್ಪಾಗಿಸುತ್ತಿದ್ದುದು ಒಂದು ತಿಗಣೆ. ತೋಟದವರು ಅದಕ್ಕೆ ಚಹಾ ಸೊಳ್ಳೆ ಎನ್ನುತ್ತಾರೆ. ಬೆನ್ನಿನ ಮೇಲೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿದಂತೆ ಒಂದು ಮುಳ್ಳು, ಅದೇ ಅದರ ಗುರುತು. ಅದೊಂದು ವೈರಿ. ಆದರೆ ಅದರ ಸುತ್ತ ಎಷ್ಟು ಜೀವಗಳು! ಎಲೆಯ ಅಡಿಯ ಕೆಂಪು ನುಸಿಯನ್ನು ಮೇಯುವ ಗುಲಗಂಜಿ ಹುಳಗಳು, ಕೈಮುಗಿದು ಕೂತು ನೊಣ ಹಿಡಿಯುವ ಕುದುರೆಹುಳ, ಬಲೆಯಂಥ ರೆಕ್ಕೆಯ ಹಸಿರು ನೊಣ, ಹುಳುವನ್ನು ಹೊತ್ತೊಯ್ಯುವ ಕಣಜ, ರೆಂಬೆ ರೆಂಬೆಗೆ ನೂಲು ಎಳೆಯುವ ಜೇಡ. ಬೀಜಕ್ಕೆ ಬಿಟ್ಟ ಮರಗಳ ಬಿಳಿ ಹೂವಿಗೆ ಜೇನು. ಜೇಡಕ್ಕೆ ಎಂಟು ಕಾಲು, ಅದು ಕೀಟವಲ್ಲ ಎಂದು ನಾನು ಹೇಳಿದ್ದಕ್ಕೆ ನೀವು, ‘ಕಾಲು ಎಣಿಸಿ ಜಾತಿ ಕಟ್ಟೋ ಕೆಲಸ ಮನುಷ್ಯಾರಿಗೆ ಸಾಲದಾತೇನು?’ ಎಂದಿರಿ.

ಮಕ್ಕಳು ಮಂಜು ಆರುವ ಮೊದಲೇ ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿ ಹಿಡಿದು ಗಿಡಗಳ ಸಾಲಿಗೆ ಇಳಿಯುತ್ತಿದ್ದವು. ಹಿಡಿದದ್ದನ್ನು ಡಬ್ಬಿಗೆ ಹಾಕಿ ಮುಳುಗಿಸುವುದು. ಹತ್ತು ಗಂಟೆಗೆ ಅಂಗಳದಲ್ಲಿ ನಿಮ್ಮ ಮಗ ನೀರು ಬಸಿದು ಸೇರಿನಿಂದ ಅಳೆಯುವುದು. ಸೇರು ತುಂಬಿದರೆ ಕಾಸು. ಸೇರು ತುಂಬಬೇಕಾದಾಗ ಮಗು ಬೆನ್ನಿನ ಮುಳ್ಳು ನೋಡುತ್ತದೆಯೇ? ಸಿಕ್ಕಿದ್ದನ್ನೆಲ್ಲ ಹಾಕುತ್ತದೆ. ಗುಲಗಂಜಿ ಹುಳ ಓಡುವುದಿಲ್ಲ, ಅದು ಮೊದಲು ಬೀಳುತ್ತದೆ. ಕುದುರೆಹುಳ ದಪ್ಪ, ಅದರಿಂದ ಸೇರು ಬೇಗ ತುಂಬುತ್ತದೆ.

ನನ್ನ ಕಣ್ಣು ತೆರೆಸಿದವಳು ದುರುಗವ್ವನ ಮಗಳು ಸುಂಕಿ. ಆ ಮನೆಯವರು ಸಂಡೂರಿನ ಬಂಡ್ರಿಯಿಂದ ಗಾಳೆಪ್ಪ ಮೇಸ್ತ್ರಿಯ ಹಿಂದೆ ಬಂದವರು, ನಮ್ಮ ಮಾತಿನವರು. ಸುಂಕಿ ಒಂದು ಮುಂಜಾನೆ ಎಲೆಯಲ್ಲಿ ಸುತ್ತಿದ ಕುದುರೆಹುಳವನ್ನು ತಂದು, ‘ಅಕ್ಕಾರ, ಇದು ದ್ಯಾವ್ರಿಗೆ ಕೈ ಮುಗಿತೈತ್ರಿ. ಇದನ್ನೂ ಡಬ್ಬ್ಯಾಗ ಹಾಕಬೇಕೇನ್ರಿ?’ ಎಂದು ಕೇಳಿದಳು. ಸೀಮೆಎಣ್ಣೆಯಿಂದ ಅವಳ ಬೆರಳ ಸಂದುಗಳು ಒಡೆದು ಹುಣ್ಣಾಗಿದ್ದವು. ಅವಳನ್ನು ಒಲೆಯ ಬಳಿ ಕೂಡಿಸಿ ಬೆಣ್ಣೆ ಹಚ್ಚಿದವರು ನೀವು. ಅವತ್ತು ನಾನು ಅವಳ ಡಬ್ಬಿಯನ್ನು ಇಸಿದುಕೊಂಡು ಹಿತ್ತಲಿಗೆ ಹೋದೆ. ಸತ್ತದ್ದನ್ನು ನೋಡಲು ಅಗಲವಾದದ್ದೇನಾದರೂ ಬೇಕಿತ್ತು. ಕೈಗೆ ಸಿಕ್ಕಿದ್ದು ನಿಮ್ಮ ಮೊರ.

ಮುಂದಿನದು ನಿಮಗೆ ಗೊತ್ತು. ಬಿಸಿಲಿನಲ್ಲಿ ಒಣಗಲು ಹರವಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ನಾನು ಆರಿಸುತ್ತ ಕೂತಿದ್ದೆ. ಬೆನ್ನಿಗೆ ಮುಳ್ಳಿದ್ದವು ಈ ಕಡೆ, ಇಲ್ಲದವು ಆ ಕಡೆ. ಆ ಕಡೆಯದು ಗುಡ್ಡೆಯಾಯಿತು, ಈ ಕಡೆಯದು ಒಂದು ಹಿಡಿ. ಆಗ ಹಿಂದಿನಿಂದ ನಿಮ್ಮ ದನಿ ಬಂತು. ‘ಅಯ್ಯಯ್ಯೋ ಶಿವನ! ಅಕ್ಕಿ ಹಸನು ಮಾಡೋ ಮೊರದಾಗ ಹೆಣ ಹರವೀಯಲ್ಲೇ! ನಿಮ್ಮಪ್ಪನ ಮನ್ಯಾಗ ಇದನ್ನ ಕಲಿಸ್ಯಾರೇನು?’ ಪಕ್ಕದ ಕೂಲಿಯಾಳುಗಳ ಲೈನು ಮನೆಗಳ ಬಾಗಿಲೆಲ್ಲ ತೆರೆದುಕೊಂಡವು. ನೀವು ಮೊರ ಕಸಿದುಕೊಂಡು ಸಗಣಿ ಬಳಿದು ತೊಳೆದಿರಿ, ಬಿಸಿನೀರಲ್ಲಿ ತೊಳೆದಿರಿ, ವಿಭೂತಿ ಹಚ್ಚಿದಿರಿ. ಸೀಮೆಎಣ್ಣೆಯ ವಾಸನೆ ಹೋಗಲಿಲ್ಲ. ಕೊನೆಗೆ ಅದನ್ನು ಹಿತ್ತಲ ಸೂರಿಗೆ ಸಿಕ್ಕಿಸಿದಿರಿ. ನನ್ನನ್ನೂ ಹಾಗೇ ಮನೆಯಿಂದ ಹೊರಗೆ ಸಿಕ್ಕಿಸಿದಿರಿ ಎಂದುಕೊಂಡೆ ನಾನು.

ಆ ಎರಡು ಗುಡ್ಡೆಯನ್ನು ನಾನು ನಿಮ್ಮ ಮಗನಿಗೆ ತೋರಿಸಿದೆ. ಅವರು ನೋಡಿದರು. ನೋಡಲಿಲ್ಲ ಎಂದು ನಾನು ಹೇಳಲಾರೆ. ‘ನಾ ಅಳಿಯೋನು, ಬರಿಯೋನು. ಹುಕುಂ ಮಾಡೋನು ತ್ವಾಟದ ದೊರೆ’ ಎಂದರು. ಅನ್ಯಾಯಕ್ಕೆ ಹುಕುಮಿನ ನೆಪ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಗಂಡನಾದರೂ ಸರಿಯೇ. ನಾನು ಒಂದು ಮಾತು ಅಂದೆ. ಆ ಸೇರು ಹಿಡಿದ ಕೈಯ ಅನ್ನ ನನಗೆ ಬೇಡ ಎಂದೆ. ‘ಹಂಗಾರ ನಿಮ್ಮಪ್ಪನ ಅನ್ನ ಉಣ್ಣು ಹೋಗು’ ಎಂದರು ಅವರು. ಅದೇ ವಾರ ಗಾಳೆಪ್ಪ ಆಳು ತರಲು ಬಂಡ್ರಿಗೆ ಹೊರಟಿದ್ದ. ನಾನು ಅವನ ಹೆಂಡತಿಯ ಜೊತೆ ರೈಲು ಹತ್ತಿದೆ. ನೀವು ಜೋಳದ ರೊಟ್ಟಿ, ಶೇಂಗಾದ ಚಟ್ನಿಪುಡಿ ಕಟ್ಟಿಕೊಟ್ಟಿರಿ. ಗುಂತಕಲ್ಲಿನಲ್ಲಿ ಬಿಚ್ಚಿದರೆ ಮೂವರಿಗೆ ಸಾಲುವಷ್ಟಿತ್ತು.

ದುರುಗವ್ವ ಹೇಳಿದ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಲೈನು ಮನೆಗಳಿಗೆ ಹೋಗಿ, ಮಕ್ಕಳನ್ನು ಹುಳಕ್ಕೆ ಕಳಿಸಬೇಡಿ ಎಂದು ಭಾಷಣ ಮಾಡಿದ್ದೆ. ಅವಳು ಸೊಪ್ಪು ಸೋಸುತ್ತ, ತಲೆ ಎತ್ತದೆ, ‘ಅವ್ವಾರ, ನೀವು ಹುಳದ ಮ್ಯಾಲೆ ದಯಾ ತೋರಸ್ತೀರಿ. ನನ್ನ ಮಗಳು ತರೋ ಕಾಸಿಗೆ ಮನಿಗೆ ಉಪ್ಪು ಬರತೈತಿ. ಉಪ್ಪು ನೀವು ಕೊಡ್ತೀರೇನ್ರಿ?’ ಎಂದಳು. ನನ್ನ ಯಾವ ಕರಪತ್ರದಲ್ಲಿಯೂ ಅದಕ್ಕೆ ಜವಾಬು ಇರಲಿಲ್ಲ. ತವರಿಗೆ ಬಂದು ಕೂತ ಇಷ್ಟು ದಿನವೂ ಆ ಉಪ್ಪು ನನ್ನ ಗಂಟಲಲ್ಲಿ ನಿಂತಿತ್ತು.

ಅಂಥ ಸೊಸೆಗೆ ನೀವು ಬರೆಸಿದ ಕಾಗದವಿದು. ಇದನ್ನು ಓದುವಾಗ ನಾನು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದೆ. ತುಂಗಭದ್ರೆ ಇನ್ನೂ ಕೆಂಪಾಗಿ ಹರಿಯುತ್ತಿದ್ದಾಳೆ. ನಾನು ಹೋದ ಮೇಲೆ ಮನೆಯಲ್ಲಿ ಜಗಳವಾಡಲು ಯಾರೂ ಇಲ್ಲದೆ ಬೇಸರವಾಯಿತು ಎಂದಿದ್ದೀರಿ. ಮೇಲಿನ ಗುಡ್ಡದಲ್ಲಿ ಮಕ್ಕಳು ಹೆಚ್ಚು ಹುಳ ಹಿಡಿದ ಸಾಲುಗಳೇ, ಮೇಯುವ ಗುಲಗಂಜಿ ಹುಳ ಇಲ್ಲದೆ, ನುಸಿ ಬಿದ್ದು ತಾಮ್ರದ ಬಣ್ಣಕ್ಕೆ ತಿರುಗಿದವು, ಅದನ್ನು ಎಲ್ಲರೂ ಕಂಡರು, ಯಾರೂ ಬಾಯಿ ಬಿಡಲಿಲ್ಲ ಎಂದಿದ್ದೀರಿ. ಒಂದು ದಿನ ಸೂರಿನ ಮೊರವನ್ನು ಒಲೆಗೆ ಹಾಕಲೆಂದು ಇಳಿಸಿದಿರಂತೆ. ಅಷ್ಟು ತೊಳೆದರೂ ಬಿದಿರ ಹೆಣಿಗೆಯ ಸಂದಿನಲ್ಲಿ ಗುಲಗಂಜಿ ಹುಳದ ಕೆಂಪು ರೆಕ್ಕೆಗಳು ಉಳಿದಿದ್ದವಂತೆ. ‘ಕುಂಕುಮ ಉದರಿದಂಗ ಇತ್ತವ್ವಾ. ಸುಡಾಕ ಮನಸಾಗಲಿಲ್ಲ’ ಎಂಬ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಮರುದಿನ ನೀವು ಆ ಮೊರ ಹಿಡಿದು ಅಳೆಯುವ ಅಂಗಳಕ್ಕೆ ಹೋದಿರಿ. ದೊರೆಯೂ ಅಲ್ಲಿದ್ದ. ನಿಮ್ಮ ಮಗ ಸೇರು ಎತ್ತಿದ್ದರು. ನೀವು ಅಡ್ಡ ನಿಂತು, ‘ತಡೀಪಾ. ಹೊಸಪ್ಯಾಟಿ ಸಂತ್ಯಾಗ ಹಸನು ಮಾಡದ ಅಕ್ಕಿಗೆ ಯಾರೂ ಸೇರು ಹಚ್ಚಂಗಿಲ್ಲ. ಕಲ್ಲಿಗೂ ರೊಕ್ಕ ಕೊಡ್ತಾನೇನು ನಿನ್ನ ದೊರೆ? ಮೊದ್ಲು ಹಸನು ಮಾಡ್ತೀನಿ, ಆಮ್ಯಾಲೆ ಅಳಿ’ ಎಂದು ಎಲ್ಲ ಡಬ್ಬಿಗಳನ್ನೂ ಬಸಿದು ಮೊರಕ್ಕೆ ಸುರಿದುಕೊಂಡಿರಿ. ಹಸಿಯದ್ದನ್ನು ಆರಿಸಲಾಗದು, ಒಣಗಲಿ ಎಂದು ದೊರೆಯನ್ನೇ ಬಿಸಿಲಲ್ಲಿ ಕಾಯಿಸಿದಿರಿ! ಸಸ್ಯಾಹಾರದ ಮನೆಯ ನೀವು, ಇರುವೆ ಸತ್ತರೆ ‘ಶಿವ ಶಿವ’ ಎನ್ನುವ ನೀವು, ಆ ಹೆಣಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಬೆನ್ನಿನ ಮುಳ್ಳು ನೋಡಿದಿರಿ. ಸುಂಕಿ ಪಕ್ಕದಲ್ಲಿ ಕೂತು ಎತ್ತಿ ಕೊಟ್ಟಳು. ಕೊನೆಗೆ ಸೇರಿಗೆ ಬಿದ್ದದ್ದು ತಳ ಮುಚ್ಚುವಷ್ಟು.

ದೊರೆ ಸಿಟ್ಟಾಗಿ, ಈ ಮುದುಕಿ ಯಾರು ಎಂದು ಕೇಳಿದನಂತೆ. ಮುಂದಿನದನ್ನು ನಿಮ್ಮ ಮಾತಿನಲ್ಲೇ ಬರೆಯುತ್ತೇನೆ. ‘ನನ್ನ ಮಗನ ಮಾರಿ ನೋಡಿದೆ. ರೈಟರ್ ಕೆಲಸ ಹೋದ್ರ ಹೋತು, ಏನಂತಾನ ನೋಡೋಣು ಅಂತ. ನಮ್ಮವ್ವ ಅಂದ. ಸೇರು ಕೆಳಗಿಟ್ಟ. ಟಣ್ ಅಂತ ಸಪ್ಪಳಾತು. ನಾಳಿಂದ ಹುಡುಗ್ರು ತಂದಿದ್ದನ್ನ ನಾ ಅಳಿಯಂಗಿಲ್ಲ ಅಂದ.’

ಅತ್ತೆ, ಆ ಸಪ್ಪಳ ಇಲ್ಲಿಯತನಕ ಬಂತು.

ಆಮೇಲೆ ಒಂದು ವಾರ ಅವರ ಕೆಲಸ ಉಳಿಯಿತೋ ಹೋಯಿತೋ ತಿಳಿಯದೆ ನೀವಿಬ್ಬರೂ ಗಂಟು ಕಟ್ಟಿಕೊಂಡೇ ಮಲಗಿದಿರಂತೆ. ಆ ವಾರ ನಾನು ಅಲ್ಲಿರಬೇಕಿತ್ತು. ಕೊನೆಗೆ ದೊರೆ ಮಕ್ಕಳ ಡಬ್ಬಿ ನಿಲ್ಲಿಸಿದ. ಎಲೆ ಕೀಳುವ ಹೆಂಗಸರಲ್ಲಿ ಕಣ್ಣು ಚುರುಕಿದ್ದವರನ್ನು ದಿನಗೂಲಿಯ ಮೇಲೆ ಹಾಕಿ, ಮುಳ್ಳಿನ ತಿಗಣೆಯನ್ನು ಮಾತ್ರ ಹಿಡಿಸಬೇಕೆಂದ. ಮೊದಲು ಕೆಲಸ ಸಿಕ್ಕಿದ್ದು ದುರುಗವ್ವನಿಗೆ. ದೊರೆಗೆ ನಾನು ವಂದನೆ ಹೇಳುವುದಿಲ್ಲ. ಅವನು ತನ್ನ ನಷ್ಟ ನೋಡಿ ನಿಲ್ಲಿಸಿದ, ಸುಂಕಿಯ ಬೆರಳು ನೋಡಿ ಅಲ್ಲ. ಮುಂದಿನ ಮಳೆಗಾಲಕ್ಕೆ ತಿಗಣೆ ಹೆಚ್ಚಾದರೆ ಮತ್ತೆ ಮಕ್ಕಳ ಕೈಗೇ ಡಬ್ಬಿ ಕೊಟ್ಟಾನು. ಆಗ ಆ ಮಕ್ಕಳು ಸ್ಲೇಟು ಹಿಡಿದು ಬೇರೊಂದು ಕಡೆ ಕೂತಿರಬೇಕು. ‘ನಮ್ಮ ಪಡಸಾಲಿ ಖಾಲಿ ಐತಿ, ಬಂದು ಈ ಪಿಳ್ಳಿಗಳಿಗೆ ಅಕ್ಷರ ಕಲಿಸು’ ಎಂದು ನೀವು ಬರೆಸಿದ್ದೀರಿ.

ಮತ್ತೊಂದು ಸಾಲಿದೆ. ‘ಆ ವಾರ ದುರುಗವ್ವಗ ಉಪ್ಪು ಕೊಟ್ಟೀನಿ. ಲೇ, ಇದನ್ನ ಬರೀಬ್ಯಾಡ.’ ನಿಮ್ಮ ಮಗ ಉಪ್ಪನ್ನೂ ಬರೆದಿದ್ದಾರೆ, ಬರೀಬ್ಯಾಡ ಎಂದದ್ದನ್ನೂ ಬರೆದಿದ್ದಾರೆ. ನನ್ನ ಗಂಟಲಿನ ಉಪ್ಪು ಕರಗಿದ್ದು ಅಲ್ಲಿ. ನಾನು ನ್ಯಾಯ ಹೇಳಿದೆ. ನೀವು ನ್ಯಾಯವನ್ನೂ ಉಪ್ಪನ್ನೂ ಒಂದೇ ಮೊರದಲ್ಲಿ ತಂದಿರಿ. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಇಲ್ಲಿಯ ಸುದ್ದಿ. ನಾಳಿದ್ದು ಸೀಗಿ ಹುಣ್ಣಿಮೆ. ಅಪ್ಪ ಎಂದಿನಂತೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಕಡುಬು, ಕಾಳುಪಲ್ಯ, ಅನ್ನ ಎಲ್ಲ ಕಲಸಿ, ಹಕ್ಕಿಗೂ ಹುಳಕ್ಕೂ ಒಂದು ಪಾಲು ಎಂದು ಸುತ್ತಲೂ ಎರಚುವುದು. ಪ್ರತಿ ವರ್ಷ ಚರಗ ಚೆಲ್ಲಿದ ಮಾರನೆಯ ವಾರವೇ ಬದುವಿನ ಪೊದೆಗೆ ಬೆಂಕಿ ಇಡಿಸುವವರೂ ಅವರೇ. ‘ಊಟಕ್ಕ ಕರದು ಮನಿ ಸುಡೋದು ಯಾವ ಧರ್ಮ, ಅಪ್ಪಾ?’ ಎಂದು ಕೇಳಿದೆ. ಎಲೆಗೆ ಸುಣ್ಣ ಸವರಿದರು. ‘ನಿನ್ನ ಕಟ್ಟಿಕೊಂಡವ ಹೆಂಗ ಬಾಳ್ವೆ ಮಾಡ್ತಾನೋ’ ಎಂದರು. ಆದರೆ ಹೊಳೆಯ ಕಡೆಯ ಬದುವನ್ನು ಈ ವರ್ಷ ಸುಡದೆ ಬಿಡುತ್ತಾರಂತೆ. ಆ ಬದುವಿನಲ್ಲಿ ನಿನ್ನೆ ಒಂದು ಕುದುರೆಹುಳ ಕಂಡೆ. ಸುಂಕಿಗೆ ಹೇಳಿ, ಇಲ್ಲಿಯದೂ ಕೈ ಮುಗಿಯುತ್ತದೆ.

ದೀಪಾವಳಿಗೆ ಮಗನನ್ನು ಕರೆಯಲು ಕಳಿಸುತ್ತೇನೆ ಎಂದು ಬರೆಸಿದ್ದೀರಿ. ಕರೆಯಲು ಬಂದರೆ ಹಿರಿಯರನ್ನು ಕೂಡಿಸಿ ನಾಲ್ಕು ಮಾತು ಕೇಳಿಯೇ ಮಗಳನ್ನು ಕಳಿಸುವುದು ಎಂದು ಅಪ್ಪ ಹಟ ಹಿಡಿದಿದ್ದಾರೆ. ನನ್ನ ಮನಸ್ಸೇನು ಎಂದು ಕೇಳಿದ್ದೀರಿ. ಅದನ್ನು ಈಗಲೇ ಹೇಳುವುದಿಲ್ಲ. ಕರೆಯಲು ಬಂದವರ ಮುಖ ನೋಡಿ ಹೇಳುತ್ತೇನೆ.

ಇದರೊಳಗೆ ಬನ್ನಿಯ ಎರಡು ಗರಿ ಇಟ್ಟಿದ್ದೇನೆ. ಒಂದು ನಿಮಗೆ. ಹಬ್ಬ ಕಳೆದಿದೆ, ಆದರೂ ತಗೊಳ್ಳಿ, ಬಂಗಾರದ ಹಾಗೆ ಇರೋಣ. ಇನ್ನೊಂದು ಯಾರಿಗೆ ಎಂದು ಓದುತ್ತಿರುವವರಿಗೆ ತಿಳಿಯಬೇಕು. ತಿಳಿಯದಿದ್ದರೆ ನೀವು ಬರೆಸಿದ ಮೊದಲ ಸಾಲು ನಿಜ.

ನಿಮ್ಮ ಜಗಳಗಂಟಿ ಸೊಸೆ,
ಅಕ್ಕನಾಗಮ್ಮ

ಮರೆತ ಮಾತು: ಇಲ್ಲಿಂದ ಮುಂದಿನದು ಗಟ್ಟಿಯಾಗಿ ಓದುವುದಕ್ಕಲ್ಲ; ಅತ್ತೆಗಲ್ಲ, ಓದುತ್ತಿರುವ ನಿಮಗೆ. ಲಕೋಟೆಯ ಮೇಲೆ ಪ್ರತಿ ಸಲ ಅಪ್ಪ ವಿಳಾಸ ಬರೆಯುತ್ತಿದ್ದರು. ಈ ಸಲ ಪಂಪಣ್ಣ ಎಂದು ನಿಮ್ಮ ಹೆಸರು ಬರೆದ ಕೈ ನನ್ನದು. ಆ ಹೆಸರು ಬಾಯಲ್ಲಿ ಆಡದಿದ್ದರೂ ಕೈಯಲ್ಲಿ ಬರುತ್ತದೆ ಎಂದು ಗೊತ್ತಾಯಿತು. ಅನ್ನದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿಮ್ಮ ಕಾಗದ ಬರುವ ಒಂದು ವಾರ ಮೊದಲೇ ನನ್ನ ಪೆಟ್ಟಿಗೆ ಕಟ್ಟಿಯಾಗಿತ್ತು. ಸೇರನ್ನು ನಿಮ್ಮ ಕೈಯಿಂದ ಕಸಿದುಕೊಳ್ಳಲು ನಾನೇ ಹೊರಟಿದ್ದೆ. ನೀವು ಮೊದಲೇ ಕೆಳಗಿಟ್ಟುಬಿಟ್ಟಿರಿ. ಈಗ ಅಪ್ಪನ ಹಿರಿಯರು ನಾಲ್ಕು ಮಾತು ಕೇಳುವ ಮೊದಲು ನಾನು ಕೇಳುವುದಿದೆ, ಹೇಳುವುದೂ ಇದೆ. ನೇರ ಕಂಪ್ಲಿಗೆ ಬರಬೇಡಿ. ಎರ್ರಿಯಪ್ಪನ ಅಕ್ಕಿಬಂಡಿಯಲ್ಲಿ ಪೆಟ್ಟಿಗೆ ಸಮೇತ ಬಂದಿರುತ್ತೇನೆ. ಹೊಸಪೇಟೆ ಸ್ಟೇಷನ್ನಿನ ಹೊರಗೆ, ಬೇವಿನ ಮರದ ಕೆಳಗೆ, ನವೆಂಬರ್ ಒಂದನೇ ತಾರೀಖು ಸೋಮವಾರ, ಬೆಳಿಗ್ಗೆ ಎಂಟು ಗಂಟೆಗೆ.